ಮಗಳ ಕಂಪ್ಯೂಟರಿಗೆ ಮೀಟರ್ ಹಾಕಿದ್ದು

ತಾಳವಾಡಿ ಸುತ್ತಮುತ್ತ ಯಾರ ಬೋರ್‌ವೆಲ್ ಮೋಟಾರು ಸುಟ್ಟುಹೋದರೂ ನನ್ನ ಅಂಗಡಿಗೇ ಬರುತ್ತದೆ. ಮೋಟಾರಿನೊಳಗೆ ತಂತಿಯ ಕಾಯಿಲ್ ಸುತ್ತುವುದು ನನ್ನ ಕಸುಬು, ಕೋಪ ನನ್ನ ಜೊತೆಗೇ ಹುಟ್ಟಿದ್ದು. ಬಾಳೆಗೆ ನೀರಿಲ್ಲ ಅಂತ ಓಡಿಬಂದ ರೈತನಿಗೆ ಮೊದಲು ಬೈದು, ಆಮೇಲೆ ಮೋಟಾರು ಬಿಚ್ಚುತ್ತೇನೆ. ಬೈಸಿಕೊಂಡವರೂ ಮತ್ತೆ ಬರುತ್ತಾರೆ, ಕೆಲಸದಲ್ಲಿ ಮೋಸವಿಲ್ಲ ಅಂತ. ಹೀಗಾಗಿ ಕರೆಂಟಿನ ವಿಷಯದಲ್ಲಿ ನನಗೂ ಒಬ್ಬರು ಬುದ್ಧಿ ಹೇಳಬಹುದು ಅನ್ನುವ ಯೋಚನೆಯೇ ನನಗೆ ಬಂದಿರಲಿಲ್ಲ.

ನನ್ನ ಮಗಳು ಮನೆಯ ನಕ್ಷೆ ಬಿಡಿಸುತ್ತಾಳೆ. ಬರೀ ನಕ್ಷೆಯಲ್ಲ, ಕಟ್ಟುವ ಮೊದಲೇ ಮನೆ ಹೇಗಿರುತ್ತದೆ ಅಂತ ಕಂಪ್ಯೂಟರಿನಲ್ಲಿ ತೋರಿಸುತ್ತಾಳೆ. ಬಾಗಿಲು ತೆಗೆದು ಒಳಗೆ ಹೋಗಿ, ಅಡುಗೆಮನೆ ನೋಡಿ, ಮಹಡಿ ಹತ್ತಿ ಬರಬಹುದು. ದಿನಾ ಬಸ್ಸು ಹಿಡಿದು ಚಾಮರಾಜನಗರದ ಒಬ್ಬ ಇಂಜಿನಿಯರ ಆಫೀಸಿನಲ್ಲಿ ಇದೇ ಕೆಲಸ ಮಾಡುತ್ತಿದ್ದಳು. ದುಡಿತ ಇವಳದು, ಹೆಸರು ಅವರದು. ಅದನ್ನು ಬಿಟ್ಟು ಮನೆಯಲ್ಲೇ ಸ್ವಂತಕ್ಕೆ ಮಾಡುತ್ತೇನೆ ಅಂತ ಕೂತಾಗ ಮೊದಲು ಕೇಳಿಕೊಂಡು ಬಂದವರು ನಮ್ಮೂರಿನ ರಿಟೈರ್ಡ್ ಮೇಷ್ಟ್ರು. ಅವರು ಮನೆ ಕಟ್ಟಿಸುವವರಿದ್ದರು. ಭಾನುವಾರ ಬಂದು ನೋಡುತ್ತೇವೆ, ಮನಸ್ಸಿಗೆ ಬಂದರೆ ಕೆಲಸ ನಿನಗೇ ಅಂದಿದ್ದರು. ಮೇಷ್ಟ್ರು ಒಪ್ಪಿದರೆ ಊರಿನಲ್ಲಿ ಇನ್ನು ನಾಲ್ಕು ಜನ ಒಪ್ಪುತ್ತಾರೆ. ಇಲ್ಲದಿದ್ದರೆ ಅವಳು ಅದೇ ಆಫೀಸಿಗೆ ವಾಪಸು ಹೋಗಿ ಕೈಕಟ್ಟಿ ನಿಲ್ಲಬೇಕಿತ್ತು.

ಆ ಚಿತ್ರ ತಡವರಿಸದೆ ಓಡಬೇಕಾದರೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಂತೆ. ಸೆಕೆಂಡ್ ಹ್ಯಾಂಡಿನದೊಂದು ತಂದಳು. ಇಟ್ಟಿಗೆಯಷ್ಟು ದಪ್ಪ, ಅದಕ್ಕೇ ಎರಡು ಫ್ಯಾನು. ತಂದ ತಕ್ಷಣ ಹಾಕಲಿಲ್ಲ. ಕಂಪ್ಯೂಟರಿನ ಡಬ್ಬದೊಳಗೆ ಎಲ್ಲಕ್ಕೂ ಕರೆಂಟು ಹಂಚುವ ಪವರ್ ಸಪ್ಲೈ ಅಂತ ಒಂದಿರುತ್ತದೆ. ಇವಳದರ ಮೇಲೆ ನಾನೂರೈವತ್ತು ವ್ಯಾಟ್ ಅಂತ ಬರೆದಿತ್ತು. ಕಾರ್ಡ್ ಮಾಡಿದವರು ಆರುನೂರೈವತ್ತು ಬೇಕು ಅಂದಿದ್ದರು. ಅದನ್ನೂ ಬದಲಾಯಿಸಬೇಕೇನೋ, ಒಮ್ಮೆ ನೋಡಪ್ಪ ಅಂತ ಅಂಗಡಿಗೇ ಬಂದು ಕೇಳಿದಳು.

ನಾನು ನಕ್ಕುಬಿಟ್ಟೆ. ಮಾರುವವನು ಯಾವತ್ತು ಕಮ್ಮಿ ಹೇಳಿದ್ದಾನೆ? ಕ್ಲಾಂಪ್ ಮೀಟರ್ ಎತ್ತಿಕೊಂಡು ಮನೆಗೆ ಹೋದೆ. ವೈರನ್ನು ಬಾಯಲ್ಲಿ ಕಚ್ಚಿಕೊಂಡು ಎಷ್ಟು ಆಂಪ್ಸ್ ಹೋಗುತ್ತಿದೆ ಅಂತ ತೋರಿಸುವ ಮೀಟರು ಅದು. ಕಾರ್ಡ್ ಹಾಕಿಸಿ ಕಂಪ್ಯೂಟರ್ ಆನ್ ಮಾಡಿಸಿದೆ. ಎರಡು ವೈರನ್ನೂ ಒಟ್ಟಿಗೆ ಹಿಡಿದರೆ ಮೀಟರು ಸೊನ್ನೆ ತೋರಿಸುತ್ತದೆ, ಮೇಲಿನ ಸಿಪ್ಪೆ ಸೀಳಿ ಒಂದಕ್ಕೇ ಹಾಕಬೇಕು. ಅಷ್ಟೆಲ್ಲ ಬಲ್ಲ ಜಾಣ ನಾನು. ಅರ್ಧ ಆಂಪೇರು ತೋರಿಸಿತು. ಎಳೆಯುತ್ತಿರುವುದು ನೂರು ಚಿಲ್ಲರೆ ವ್ಯಾಟು, ನಾನೂರೈವತ್ತು ಸಾಲದಾ ಅಂದೆ.

ಅವಳು ಬಗ್ಗಿ ಮೀಟರನ್ನು ನೋಡಿದಳು. ಆಮೇಲೆ ಮೆತ್ತಗೆ, "ಈಗ ಅದು ಸುಮ್ಕೆ ಕುಂತದೆ ಕಣಪ್ಪ. ಮನೆ ಚಿತ್ರ ಓಡುಸ್ದಾಗ ನೋಡ್ಬೇಕು" ಅಂದಳು.

ನನಗೇ ಪಾಠ ಹೇಳಿಕೊಡುತ್ತೀಯಾ, ನಾನು ಹಿಡಿದಷ್ಟು ವೈರು ನೀನು ದಾರ ಹಿಡಿದಿಲ್ಲ ಅಂತ ಮನೆ ಹಾರಿಹೋಗುವ ಹಾಗೆ ಕೂಗಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳು ಡಬ್ಬ ಮುಚ್ಚಿದಳು. ಆ ಕೂಗನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮೇಷ್ಟ್ರ ಮನೆಯ ಚಿತ್ರ ಪೂರ್ತಿಯಾಗಿದ್ದು ಭಾನುವಾರ ಬೆಳಿಗ್ಗೆಯೇ. ಒಂದು ಸಲ ಓಡಿಸಿ ನೋಡೋಣ ಅನ್ನುವಷ್ಟರಲ್ಲಿ ಮೇಷ್ಟ್ರು ಹೆಂಡತಿಯ ಜೊತೆ ಬಂದುಬಿಟ್ಟರು. ಟೀ ಕೊಟ್ಟೆವು. ಯಾರೂ ಕೇಳದೆ ಇದ್ದರೂ, ಮಿಷಿನ್ನನ್ನು ನಾನೇ ಚೆಕ್ ಮಾಡಿ ಕೊಟ್ಟಿದ್ದೇನೆ ಅಂತ ಕೊಚ್ಚಿಕೊಂಡೆ.

ಪರದೆಯ ಮೇಲೆ ಮನೆ ಬಂತು. ತಮ್ಮ ಬಾಗಿಲನ್ನು ಕಂಡು ಮೇಷ್ಟ್ರ ಹೆಂಡತಿ ಮುಂದಕ್ಕೆ ಬಗ್ಗಿ ಕೂತರು. ಬಾಗಿಲು ತೆರೆಯಿತು, ಹಜಾರ ಕಾಣಿಸಿತು, ಡಬ್ಬದೊಳಗಿನ ಫ್ಯಾನುಗಳು ಜೋರಾಗಿ ಕೂಗತೊಡಗಿದವು. ಪಟ್ಟನೆ ಎಲ್ಲ ಆರಿಹೋಯಿತು. ಮಗಳು ಮತ್ತೆ ಆನ್ ಮಾಡಿದಳು. ಮತ್ತೆ ಹಜಾರದಲ್ಲೇ ಆರಿತು. ಇನ್ನೊಂದು ಸಲಕ್ಕೆ ಡಬ್ಬದಿಂದ ಸುಟ್ಟ ವಾಸನೆ ಬಂತು. ಆ ವಾಸನೆ ಏನು ಅಂತ ಹೇಳುವುದಕ್ಕೆ ನನಗೆ ಮೀಟರು ಬೇಕಿರಲಿಲ್ಲ.

ನೀರಿಲ್ಲದೆ ಓಡುವ ಮೋಟಾರು ಕಮ್ಮಿ ಆಂಪ್ಸನ್ನೇ ತೋರಿಸುತ್ತದೆ. ನೀರು ಎತ್ತುವಾಗ ಹಿಡಿದು ನೋಡಬೇಕು. ಇದು ತಿಳಿಯದೆ, ಆಂಪ್ಸ್ ಕಮ್ಮಿ ಇದೆ, ಮೋಟಾರು ಚೆನ್ನಾಗಿದೆ ಅಂದುಕೊಂಡ ಎಷ್ಟು ರೈತರಿಗೆ ನಾನು ಉಗಿದಿದ್ದೇನೆ! ಅಂಥ ನಾನು ಸುಮ್ಮನೆ ಕೂತ ಕಂಪ್ಯೂಟರಿಗೆ ಮೀಟರು ಹಾಕಿ, ಸರಿಯಾಗಿ ಹೇಳಿದ ಮಗಳ ಬಾಯಿ ಮುಚ್ಚಿಸಿದ್ದೆ. ಥೂ ನನ್ನ ಜನ್ಮಕ್ಕೆ.

ಆಗ ಮಗಳು, "ಲೈನಲ್ಲಿ ಓಲ್ಟೇಜ್ ಇಲ್ಲ ಸಾರ್, ಅದ್ಕೇ ಇಂಗಾಯ್ತದೆ" ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ತಪ್ಪು ನನ್ನದು ಅಂತ ಅಲ್ಲೇ ಒಪ್ಪಿಕೊಳ್ಳಬೇಕಿತ್ತು. ನಾನು ಹೌದು ಹೌದು ಅಂತ ತಲೆ ಆಡಿಸಿದೆ. ಅದೂ ಸಾಲದು ಅಂತ, ಬೇಸಿಗೆ ಬಂದರೆ ಇದೇ ಗೋಳು ಅಂತ ಬೇರೆ ಸೇರಿಸಿದೆ. ಅದಕ್ಕೆ ನಾಲಿಗೆಯಾದರೂ ಹೇಗೆ ಹೊರಳಿತೋ, ನನಗೇ ಹೇಸಿಗೆಯಾಗುತ್ತದೆ.

ಇನ್ನೊಂದು ದಿನ ನೋಡೋಣ ಅಂತ ಮೇಷ್ಟ್ರು ಎದ್ದರು. ಅಂಥ 'ನೋಡೋಣ'ದ ಅರ್ಥ ಎಲ್ಲರಿಗೂ ಗೊತ್ತು. ಮಗಳು ಅವರನ್ನು ಕಳಿಸುವುದಕ್ಕೂ ಏಳಲಿಲ್ಲ, ಕಪ್ಪು ಪರದೆಯ ಮುಂದೆಯೇ ಕೂತಿದ್ದಳು. ಅವಳ ಬೆನ್ನು ನೋಡಲಾಗದೆ ನಾನು ಬೀದಿಗೆ ಓಡಿದೆ. ಮೇಷ್ಟ್ರನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವಳು ಬದಲಾಯಿಸಬೇಕು ಅಂದಿದ್ದು, ನಾನು ಬೇಡ ಅಂದಿದ್ದು, ಕೂಗಾಡಿದ್ದು, ವೋಲ್ಟೇಜಿನ ಮಾತು ಶುದ್ಧ ಸುಳ್ಳು ಅನ್ನುವುದನ್ನೂ.

ಮೇಷ್ಟ್ರ ಹೆಂಡತಿ ಅಂದರು: "ನಮ್ ತಲೆ ಮ್ಯಾಲೆ ಫ್ಯಾನು ಗಿರಗಿರ ತಿರುಗ್ತಿತ್ತು ಕಣಪ್ಪ. ನಿನ್ ಮಗ್ಳು ನಿನ್ ಮಾನ ಕಾಯ್ತಾವ್ಳೆ ಅಂತ ನಾವೂ ಸುಮ್ಕಾದೋ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಿರುಗುವ ಫ್ಯಾನಿನ ಕೆಳಗೆ ಕೂತು, ಕರೆಂಟಿನಲ್ಲಿ ಬಲ ಇಲ್ಲ ಅಂತ ತಲೆ ಆಡಿಸಿದ ಮೋಟಾರು ರಿಪೇರಿಯವನು ನಾನು. ನನ್ನ ಮಾನ ಉಳಿಯಲಿ ಅಂತ ಮೂರು ಜನ ನನ್ನ ಎದುರಿಗೇ ನಾಟಕ ಆಡಿದ್ದರು. ಆಮೇಲೆ ಮೇಷ್ಟ್ರು ಮಾತಾಡಿದರು. ಕಂಡಷ್ಟರಲ್ಲೇ ಮನೆ ಮನಸ್ಸಿಗೆ ಬಂದಿದೆ, ಕೆಲಸ ಅವಳೇ ಮಾಡಲಿ, ಹೊಸ ಸಪ್ಲೈ ಹಾಕಿಕೊಂಡು ಕರೆಯಲಿ, ಆದರೆ ನೀನು ಮಾತ್ರ ಅದರ ಮೇಲೆ ಕೈ ಇಡಬೇಡ ಅಂದರು. ಅದನ್ನು ತಮಾಷೆಗೆ ಹೇಳಲಿಲ್ಲ.

ಮನೆಗೆ ಬಂದು, ಕೆಲಸ ನಿನಗೇ ಅಂತೆ ಅಂದೆ. ಅವಳು ನಂಬದವಳ ಹಾಗೆ ತಿರುಗಿ ನೋಡಿದಳು. ಮೇಷ್ಟ್ರ ಕೊನೆಯ ಮಾತನ್ನು ನುಂಗಿಬಿಡೋಣ ಅನ್ನಿಸಿತ್ತು. ಆದರೆ ಅವತ್ತು ಆಡಿದ ಸುಳ್ಳೇ ಸಾಕಾಗಿತ್ತು. ನಾನು ಇನ್ನು ಇದರ ಮೇಲೆ ಕೈ ಇಡಬಾರದಂತೆ ಅಂತ ಅದನ್ನೂ ಹೇಳಿದೆ. ಹಾಗೆಲ್ಲ ಏನಿಲ್ಲ ಬಿಡಪ್ಪ ಅನ್ನುತ್ತಾಳೆ ಅಂತ ಕಾದೆ.

"ಅವ್ರೇ ಯೋಳುದ್ರಾ?" ಅಂದಳು. "ಒಳ್ಳೇದಾಯ್ತು ಬುಡಪ್ಪ. ನಿಂಗೆ ಎಂಗ್ ಯೋಳಾದು ಅಂತ ಕುಂತಿದ್ದೆ."