ರೇಷ್ಮೆ ಸೀರೆಯ ಬೆಲೆಯ ಟವೆಲ್ಲುಗಳು

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯವರಿಗೆ ಕಲಬುರಗಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಪ್ತ ಸಂದೇಶಗಳ ಕೋಣೆಗೆ ಬಡ್ತಿ ಬಂತು. ಆದರೆ ಮೊದಲು ಇವರು ನಂಬಿಕಸ್ಥರು ಹೌದೋ ಅಲ್ಲವೋ ಎಂಬ ವಿಚಾರಣೆ ಆಗಬೇಕು. ಅದರಲ್ಲಿ ದೊಡ್ಡ ಪ್ರಶ್ನೆ ಸಾಲದ್ದು. ಸಾಲಗಾರನನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಂಡುಕೊಳ್ಳಬಹುದಂತೆ, ಅವನ ಬಾಯಲ್ಲಿ ದೇಶದ ಗುಟ್ಟು ನಿಲ್ಲುವುದಿಲ್ಲವಂತೆ. ಇವರು ನೆಟ್ಟಗೆ ಹೋಗಿ ‘ಸಾಲವಿಲ್ಲ’ ಎಂದು ಬರೆದುಕೊಟ್ಟು ಬಂದರು.

ನಾನು ಜವಳಿ ಬಾಕಿಯ ನೆನಪು ಮಾಡಿದೆ. ನಾದಿನಿಯ ಮದುವೆಯ ಜವಳಿಯನ್ನೆಲ್ಲ ಇವರ ಊರು ಕಮಲಾಪುರದ ಬಟ್ಟೆ ಅಂಗಡಿಯಿಂದ ಉದ್ರಿ ತಂದಿದ್ದೆವು. ಒಂದು ಪೈಸೆಯೂ ಕೊಟ್ಟಿರಲಿಲ್ಲ.

“ಉದ್ರಿ ಎಲ್ಲಿ ಸಾಲ ಆಗ್ತದ? ಸಾಲ ಅಂದ್ರ ಬ್ಯಾಂಕಿಂದು,” ಎಂದರು ಮಹಾಶಯರು.

ವಿಚಾರಣೆಯ ಅಧಿಕಾರಿ ಕಮಲಾಪುರಕ್ಕೆ ಹೋದರು. ಸಾದಾ ಅಂಗಿಯಲ್ಲೇ ಹೋಗಿದ್ದರಂತೆ, ಆದರೆ ಬೂಟು ನೋಡಿಯೇ ಇಡೀ ಬಜಾರಿಗೆ ಗೊತ್ತಾಯಿತು. ಬಟ್ಟೆ ಅಂಗಡಿಯವರು ಇವರನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವರು. “ಬಾಕಿನಾ? ಒಂದ್ ದಮ್ಮಡಿ ಇಲ್ರಿ ಸಾಹೇಬ್ರ,” ಎಂದು ಸಹಿಯನ್ನೂ ಹಾಕಿಕೊಟ್ಟರು. ಬಡ್ತಿ ಕೈಗೆ ಬಂತು.

ಮೊದಲ ಪಗಾರ ಆದ ಕೂಡಲೇ ಇವರು ರೊಕ್ಕ ತೆಗೆದುಕೊಂಡು ಬಸ್ಸು ಹತ್ತಿದರು. ಅಂಗಡಿಯವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಬಿಟ್ಟರು.

“ಬಾಕಿ ಇಲ್ಲಂತ ನಾ ಸರಕಾರಕ್ಕ ಸಹಿ ಮಾಡಿ ಕೊಟ್ಟೀನಿ. ಈಗ ರೊಕ್ಕ ತಗೊಂಡ್ರ ಇಬ್ಬರೂ ಜೇಲಿಗೆ ಹೋಗ್ತೀವಿ. ಆದ್ರ ಖರೀದಿ ಮಾಡ್ಲಿಕ್ಕಿ ಯಾರ ಬ್ಯಾಡಂತಾರ?”

ಅಂದಿನಿಂದ ಇವರು ತಿಂಗಳಿಗೊಂದು ಟವೆಲ್ಲು ಖರೀದಿಸತೊಡಗಿದರು. ರೇಷ್ಮೆ ಸೀರೆಯ ಬೆಲೆಗೆ! ಹೆಚ್ಚಿನ ರೊಕ್ಕ ಹಳೆಯ ಬಾಕಿಗೆ. ರಸೀದಿಯಲ್ಲೂ ರೇಷ್ಮೆ ಸೀರೆ ಎಂದೇ ಬರೆಸಬೇಕು, ಇಲ್ಲದಿದ್ದರೆ ಅಂಗಡಿಯ ಲೆಕ್ಕ ಕೂಡುವುದಿಲ್ಲ. ಜೇವರ್ಗಿ ಕಾಲೋನಿಯ ನಮ್ಮ ಬಾಡಿಗೆ ಮನೆಯ ಅಲಮಾರಿ ಟವೆಲ್ಲುಗಳಿಂದ ತುಂಬಿತು. ಒಂದೇ ಒಗೆತಕ್ಕೆ ಬಣ್ಣ ಬಿಡುವಂಥವು. ಎರಡೇ ಎರಡು ನೂಲಿನ ಸೀರೆಗಳಲ್ಲಿ ವರ್ಷ ಕಳೆಯುತ್ತಿದ್ದ ನನಗೆ ಆ ರಸೀದಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಮರುವರ್ಷ ಮತ್ತೆ ವಿಚಾರಣೆ, ಮತ್ತೆ ಅದೇ ಅಧಿಕಾರಿ. ಅಂಗಡಿಯವರು ಉಪಕಾರ ಮಾಡುವ ಹುರುಪಿನಲ್ಲಿ, “ಅವರಿಗೆಲ್ಲಿ ಸಾಲ ಅದ್ರಿ? ತಿಂಗಳಾ ನಗದು ಕೊಟ್ಟು ರೇಷ್ಮಿ ಸೀರಿ ಒಯ್ತಾರ!” ಎಂದು ರಸೀದಿ ಪುಸ್ತಕವನ್ನೇ ಬಿಚ್ಚಿ ತೋರಿಸಿದರಂತೆ.

ಅಧಿಕಾರಿ ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದರು. ಇಷ್ಟು ಪಗಾರದಲ್ಲಿ ಅಷ್ಟು ಸೀರೆ ಎಲ್ಲಿಂದ? ಚಹಾ ಕುಡಿದು, ಮರ್ಯಾದೆಯಿಂದಲೇ ಕೇಳಿದರು: “ಅಮ್ಮಾರ, ಸೀರಿ ಸ್ವಲ್ಪ ತೋರಸ್ರಿ.”

ನಾನು ಟವೆಲ್ಲುಗಳನ್ನು ತಂದು ಮುಂದಿಟ್ಟೆ. ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಜರಿ ಎಲ್ಲಾದರೂ ಇದ್ದೀತು ಎನ್ನುವಂತೆ. ಅಲ್ಲೇ ಕೂತಿದ್ದ ನಮ್ಮವರಿಗೆ ಇನ್ನು ತಡೆಯಲಾಗಲಿಲ್ಲ. ಇದ್ದದ್ದನ್ನೆಲ್ಲ ಹೇಳಿಬಿಟ್ಟರು. ಕೊನೆಗೆ, “ಇನ್ನೊಂದೇ ಟವೆಲ್ ಉಳದದ ನೋಡ್ರಿ, ಮುಂದಿನ ತಿಂಗಳಿಗಿ ಮುಗೀತದ,” ಎಂದು ಸಮಾಧಾನವನ್ನೂ ಹೇಳಿದರು.

ಅಂಗಡಿಯವರು ಬೈಸಿಕೊಂಡು ಪಾರಾದರು. ಇವರು ಮಾತ್ರ ನಂಬಿಕೆಗೆ ಅರ್ಹರಲ್ಲ ಎಂದಾಗಿ, ಅದೇ ಕಟ್ಟಡದ ಕೆಳಗಿನ ಮಾಳಿಗೆಗೆ, ಲಕೋಟೆಗಳಿಗೆ ಮೊಹರು ಒತ್ತುವ ಕೆಲಸಕ್ಕೆ ಇಳಿದರು. ನಾನು ಅತ್ತುಬಿಟ್ಟೆ. ಪಗಾರ ಕಡಿಮೆಯಾಯಿತೆಂದಲ್ಲ, ‘ಅರ್ಹರಲ್ಲ’ ಎಂಬ ಆ ಮಾತಿಗೆ ಅತ್ತೆ.

ಕೊನೆಯ ಬಾಕಿ ಕೊಡಲು ನಾನೂ ಜೊತೆಗೆ ಹೋಗಿದ್ದೆ. ಈಗ ಅಂಗಡಿಯವರು ನಿರಾಳವಾಗಿ ರೊಕ್ಕ ತೆಗೆದುಕೊಂಡು, ಚಹಾ ತರಿಸಿ, ಹತ್ತಿರ ಸರಿದು ಕೂತರು.

“ಹೆಂಗೂ ಆ ಖೋಲಿಯಿಂದ ಹೊರಗ ಹಾಕ್ಯಾರ. ಈಗರ ಹೇಳ್ರಿ, ಒಳಗ ಏನೇನ್ ಸುದ್ದಿ ಬರ್ತಿತ್ತು?”

“ಅದನ್ನ ಹೇಳಾಕ ಬರಂಗಿಲ್ರಿ,” ಎಂದು ಇವರು ಚಪ್ಪಲಿ ಮೆಟ್ಟಿಕೊಂಡರು.

ಬಸ್ಸಿನಲ್ಲಿ ನಾನೂ ಕೇಳಿದೆ. ಆಮೇಲೆಯೂ ಎಷ್ಟೋ ಸಲ ಕೇಳಿದ್ದೇನೆ, ಜಗಳ ಆಡಿಯೂ ಕೇಳಿದ್ದೇನೆ. ಕಣ್ಣು ಮುಚ್ಚುವ ತನಕ ಆ ಮನುಷ್ಯ, ಆ ಕೋಣೆಯಲ್ಲಿ ಕುರ್ಚಿ ಎಷ್ಟಿದ್ದವು ಎಂಬುದನ್ನು ಕೂಡ ನನಗೆ ಹೇಳಲಿಲ್ಲ.