ಮಠದ ಗಡಿಗೆಯ ಅಕ್ಕಿ

ಆಗೆಲ್ಲ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಯಾರ ಮನೆಯಲ್ಲಿ ಏನು ಒಗ್ಗರಣೆ ಎಂದು ನಲ್ಲಿಯ ಬಳಿ ನಿಂತೇ ಹೇಳಬಹುದಿತ್ತು. ಯಾರು ಒಲೆ ಹಚ್ಚಿಲ್ಲ ಎಂಬುದೂ ಗೊತ್ತಾಗಿಬಿಡುತ್ತಿತ್ತು. ಒಂದು ಬೇಸಿಗೆಯ ಕೊನೆಯಲ್ಲಿ ಪಕ್ಕದ ಮನೆಯ ಸೆಲ್ವಿ ಆಂಟಿಯ ಒಲೆ ತಣ್ಣಗಿತ್ತು.

ಆಂಟಿ ಶ್ರೀಲಂಕಾದ ಜಾಫ್ನಾದವರು. ಅಲ್ಲಿ ಯುದ್ಧ. ಊರಿಗೆ ಅಕ್ಕಿ ಬರುವ ದಾರಿ ಮುಚ್ಚಿದೆ ಎಂದು ರೇಡಿಯೊ ಹೇಳಿತ್ತು. ಅವರಮ್ಮ ಒಬ್ಬರೇ ಅಲ್ಲಿದ್ದರು. "ಅಮ್ಮ ಉಪವಾಸ ಇರುವಾಗ ನನಗೆ ಅನ್ನ ಇಳಿಯಲ್ಲ ಅಜ್ಜಿ" ಎಂದು ಆಂಟಿ ಕಾಫಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

ನಮ್ಮಜ್ಜಿಗೋ ಸಂಕಟ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಮೂಲೆಯ ಗಡಿಗೆಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಅದು ಮಠದ ದಾಸೋಹಕ್ಕೆ. ಮನೆಯವರು ಒಂದು ಕಾಳನ್ನೂ ಮುಟ್ಟುವಂತಿಲ್ಲ. ಈಗ ಅಜ್ಜಿ ಎರಡು ಹಿಡಿ ಹಾಕತೊಡಗಿದಳು. "ಇನ್ನೊಂದು ನಮ್ಮ ಸೆಲ್ವಿ ತಾಯಿಗೆ. ಹೆಂಗೋ ಸೇರುತ್ತೆ, ಶಿವ ಇದಾನೆ."

ಒಂದು ದಿನ ರೇಡಿಯೊದಲ್ಲಿ ಬಂತು: ನಮ್ಮವರು ಕಳಿಸಿದ ಆಹಾರದ ದೋಣಿಗಳನ್ನು ಲಂಕೆಯವರು ವಾಪಸು ಕಳಿಸಿದರಂತೆ, ಅದಕ್ಕೇ ನಮ್ಮ ಬೆಂಗಳೂರಿಂದಲೇ ವಿಮಾನಗಳು ಹಾರಿ ಮೇಲಿಂದ ಮೂಟೆ ಹಾಕಿ ಬಂದವಂತೆ! ವಠಾರಕ್ಕೆ ವಠಾರವೇ ಹಿಗ್ಗಿತು. ನನಗೂ ತಮ್ಮ ಬಸುವಿಗೂ ಮಾತ್ರ ಒಂದೇ ಚಿಂತೆ.

"ಅಷ್ಟು ಮೇಲಿಂದ ಬಿದ್ರೆ ಒಡ್ದೋಗಲ್ವಾ ಅಕ್ಕ?"

"ಹಾಕಿ ನೋಡೇಬಿಡೋಣ ಬಾರೋ."

ಗಡಿಗೆಯ ಅಕ್ಕಿ ಹೇಗೂ ಆಂಟಿಯ ಅಮ್ಮನದೇ ತಾನೇ ಎಂದು ಅದನ್ನೇ ಟವೆಲಿನಲ್ಲಿ ಕಟ್ಟಿ ತಾರಸಿಯಿಂದ ಎಸೆದೆವು. ಗಂಟು ಬಿಚ್ಚಿ ಅಂಗಳದ ತುಂಬ ಅಕ್ಕಿಯೋ ಅಕ್ಕಿ.

ಅಜ್ಜಿ ಓಡಿ ಬಂದಳು. ಬೆನ್ನಿಗೆ ಏಟು ಬಿತ್ತು ಎಂದುಕೊಂಡೆ. "ಅಯ್ಯೋ ಮುಂಡೇವಾ, ತುಳೀಬೇಡ್ರೋ! ಆರ್ಸಿ!" ಎಂದಷ್ಟೇ ಕೂಗಿ ತಾನೂ ಕುಕ್ಕರಗಾಲಲ್ಲಿ ಕೂತಳು. ಸೆಲ್ವಿ ಆಂಟಿಯೂ ಬಂದು ಕೂತು, ಕಾಳು ಆರಿಸುತ್ತಲೇ ಅಳತೊಡಗಿದರು.

ಅಜ್ಜಿ ಆ ಅಕ್ಕಿಯನ್ನು ತೊಳೆದು ಒಲೆಗಿಟ್ಟೇಬಿಟ್ಟಳು. ಅಮ್ಮ ಹೌಹಾರಿದಳು. "ಅತ್ತೆ, ಅದು ಮಠದ್ದು!"

"ಮಠದ್ದು ಅಂದ್ರೆ ಹಸ್ದೋರ್ದು ಕಣೆ. ಹಸ್ದೋಳು ಕಣ್ಮುಂದೇನೇ ಇದಾಳೆ."

ಬಿಸಿ ಅನ್ನ, ಬೇಳೆಸಾರು, ಮೇಲೆ ತುಪ್ಪ. "ಉಣ್ಣಮ್ಮ. ಅಲ್ಲೂ ಪಕ್ಕದ್ಮನೆ ಅಂತ ಒಂದಿರುತ್ತೆ" ಎಂದು ಅಜ್ಜಿ ಎದುರಿಗೇ ಕೂತಳು. ಆಂಟಿ ಉಂಡರು. ಎರಡನೇ ಸಲ ಬಡಿಸಿಕೊಂಡಾಗ ನನಗೇ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

ಎಷ್ಟೋ ದಿನಗಳ ಮೇಲೆ ಆ ಕಡೆಯಿಂದ ಬಂದ ನೆಂಟರು ಸುದ್ದಿ ತಂದರು. ಆಂಟಿಯ ಅಮ್ಮ ಬದುಕಿದ್ದರು. ಆದರೆ ವಿಮಾನದ ಮೂಟೆ ಅವರಿಗೆ ಸಿಕ್ಕಿರಲೇ ಇಲ್ಲ. ಪಕ್ಕದ ಮನೆಯಾಕೆ ತನ್ನ ಪಾಲಿನಲ್ಲಿ ಅರ್ಧ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದು ಕೊಟ್ಟಿದ್ದಳಂತೆ. ಅಜ್ಜಿ "ಮತ್ತೆ? ನಾನೇನಂದೆ?" ಎಂದು ಒಳಗೆ ಹೋದಳು.

ವಠಾರವಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು. ನಾನೂ ಅಲ್ಲೇ ಇದ್ದೇನೆ. ಊಟಕ್ಕೆ ಕೂತಾಗ ಫೋನಿನಲ್ಲಿ ಯಾವುದೋ ಯುದ್ಧದ ಊರಿನ ಮಕ್ಕಳು ಪಾತ್ರೆ ಚಾಚಿ ನಿಂತಿರುತ್ತಾರೆ. ತುತ್ತು ಗಂಟಲಲ್ಲೇ ನಿಲ್ಲುತ್ತದೆ. ಆಮೇಲೆ ಇಳಿಯುತ್ತದೆ, ಸುಳ್ಳೇಕೆ ಹೇಳಲಿ. ಅಡುಗೆಮನೆಯಲ್ಲಿ ಗಡಿಗೆಯಿಲ್ಲ. ಎದುರು ಮನೆಯ ಬಾಗಿಲು ಸದಾ ಮುಚ್ಚಿರುತ್ತದೆ. ಒಳಗಿರುವವರು ಇವತ್ತು ಉಂಡರೋ ಇಲ್ಲವೋ, ನನಗೆ ಗೊತ್ತಿಲ್ಲ.