ತಟ್ಟೆಯಲ್ಲಿ ಕಣ್ಣು ಹಿಡಿದವಳು

ನನ್ನ ಗಂಡನ ಹೆಸರು ಉಗ್ರಪ್ಪ. ಯಾರು ಇಟ್ಟರೋ ಪುಣ್ಯಾತ್ಮರು! ಮೂವತ್ತಾರು ವರ್ಷದ ಸಂಸಾರದಲ್ಲಿ ಈ ಮನುಷ್ಯ ಒಂದು ಸಲವೂ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ರೇಗುವುದು, ಗೊಣಗುವುದು, ಪಾತ್ರೆ ಕುಕ್ಕುವುದು ಎಲ್ಲಾ ನನ್ನ ಪಾಲಿಗೇ ಬಂದಿದೆ. ಇವರದು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ, ಜನ ಕಾಂಪೌಂಡರ್ ಅನ್ನುತ್ತಿದ್ದರು. ಹಳೇಬೀಡು, ಬಿಕ್ಕೋಡು, ಹಾರನಹಳ್ಳಿ, ಕೊನೆಗೆ ಅರಸೀಕೆರೆ. ಇವರ ಜೊತೆಯವರು ವರ್ಗವಾದ ಊರುಗಳಿಂದ ಸೈಟು, ತೆಂಗಿನ ತೋಟ ಅಂತ ಏನಾದರೊಂದು ಮಾಡಿಕೊಂಡರು. ನಮ್ಮವರು ಭರಣಿ ಹೊತ್ತುಕೊಂಡು ಬಂದರು.

ಉಪ್ಪಿನಕಾಯಿ ಭರಣಿಯಾಗಿದ್ದರೆ ನನಗಾದರೂ ಉಪಯೋಗಕ್ಕೆ ಬರುತ್ತಿತ್ತು. ಇವು ಹಿಂದಿನ ಕಾಲದ ಔಷಧಿ ಅಂಗಡಿಗಳಲ್ಲಿ ಮುಲಾಮು, ಲೇಹ್ಯ, ಬೇರಿನ ಪುಡಿ ತುಂಬಿಡುತ್ತಿದ್ದ ಜಾಡಿಗಳು. ಮುಚ್ಚಿಹೋದ ದವಾಖಾನೆ, ಗುಜರಿ ಅಂಗಡಿ, ಎಸ್ಟೇಟಿನ ಉಗ್ರಾಣ, ಎಲ್ಲಿ ಒಂದು ಕಂಡರೂ ಇವರ ಕಾಲು ಅಲ್ಲೇ ನಿಲ್ಲುತ್ತಿತ್ತು. ಹಳೇಬೀಡಿನಲ್ಲಿದ್ದಾಗ ಒಂದು ಭಾನುವಾರ ಹುಲಿಕೆರೆಗೆ ಸೈಕಲ್ ತುಳಿದುಕೊಂಡು ಹೋಗಿ, ಯಾರದೋ ಹಿತ್ತಲಲ್ಲಿ ಕೋಳಿಗೆ ನೀರಿಡುತ್ತಿದ್ದ ಬಾಯಿ ಒಡೆದ ಜಾಡಿಯೊಂದನ್ನು ತಂದರು. ಬದಲಿಗೆ ಕೊಟ್ಟುಬಂದದ್ದು ಹೊಸ ಸ್ಟೀಲ್ ಬೋಗುಣಿ. ಬೋಗುಣಿ ನನ್ನ ತವರಿನದು, ಹೆಸರು ಕೂಡ ಕೊರೆಸಿತ್ತು.

ಈಗ ಅರಸೀಕೆರೆಯ ಈ ಮನೆಯಲ್ಲಿ ಎರಡು ಬೀರು ತುಂಬ ಅರವತ್ಮೂರು ಭರಣಿಗಳಿವೆ. ಮನೆ ರೈಲು ಹಳಿಯ ಪಕ್ಕದಲ್ಲಿ. ಗೂಡ್ಸ್ ಗಾಡಿ ಹೋದರೆ ಅರವತ್ಮೂರೂ ಒಟ್ಟಿಗೆ ಗಡಗಡ ಅನ್ನುತ್ತವೆ. ಒಂದಕ್ಕೊಂದು ತಾಗದಿರಲಿ ಅಂತ ನಡುವೆ ಬಟ್ಟೆಯ ಪಟ್ಟಿ ತುರುಕಿದ್ದಾರೆ, ನನ್ನ ಹಳೇ ಸೀರೆಗಳದ್ದು. ವಾರಕ್ಕೊಮ್ಮೆ ಒಂದೊಂದನ್ನೂ ಇಳಿಸಿ ಒರೆಸಿ ಮತ್ತೆ ಹತ್ತಿಸುವುದು ಯಾರು? ನಾನೇ. ಸೊಂಟ ಬಿದ್ದುಹೋಗಿದೆ. ಯಾರಾದರೂ ಬಂದು ಇವನ್ನೆಲ್ಲ ಎತ್ತಿಕೊಂಡು ಹೋಗಬಾರದೇ ಅಂತ ಬಾಯಿಬಿಟ್ಟೇ ಹೇಳಿದ್ದೇನೆ. ಕೇಳಿಸಿಕೊಂಡು ನಗುತ್ತಿದ್ದರು ಅಷ್ಟೆ.

ಅರವತ್ಮೂರರಲ್ಲಿ ಒಂದರ ಲೆಕ್ಕವೇ ಬೇರೆ. ಬಿಕ್ಕೋಡಿನ ಹತ್ತಿರದ ಎಸ್ಟೇಟೊಂದರ ಹಳೇ ಡಿಸ್ಪೆನ್ಸರಿ ಕೆಡವುವಾಗ, ಅಲ್ಲಿ ಲೆಕ್ಕ ಬರೆಯುವ ರೈಟರ್ ಮರಿಯಣ್ಣ ಕರೆದು ಕೊಟ್ಟದ್ದು. ಗೋಡೆಗೆ ಹೊಡೆಯುವ ಸುಣ್ಣದ ಬ್ರಷ್ಷನ್ನು ಅದರಲ್ಲಿ ನೆನೆಹಾಕಿದ್ದರಂತೆ. ಮೊಳಕ್ಕಿಂತ ಚೂರು ಕಡಿಮೆ ಎತ್ತರ, ಬಿದಿರಿನ ತುಂಡಿನ ಹಾಗೆ ನಡು ಒಳಕ್ಕೆ. ಬಿಳಿಯ ಮೈ, ಮೇಲೆ ನೀಲಿ ಹಳದಿ ಬಳ್ಳಿ. ನಡುವಿನ ದುಂಡು ಚೌಕಟ್ಟಿನಲ್ಲಿ ಒಬ್ಬ ಹೆಂಗಸು, ಅವಳ ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ದುಂಡಗೆ ಎರಡು ಏನೋ. ಯಾವ ಕಾಲದಲ್ಲೋ ಎಸ್ಟೇಟಿಗೆ ಬಂದ ಬಿಳಿ ಡಾಕ್ಟರೊಬ್ಬ ಇಟಲಿಯಿಂದ ತಂದದ್ದಂತೆ. ಇವರು ಎಲ್ಲೆಲ್ಲಿಂದಲೋ ಪುಸ್ತಕ ತರಿಸಿ ಓದಿದರು. ಅದು ಪಿಂಗಾಣಿಯಲ್ಲ, ಒಳಗೆ ಬರೀ ಮಣ್ಣು. ಮೇಲೆ ತವರದ ಬೂದಿ ಬೆರೆಸಿದ ಬಿಳಿ ಲೇಪ ಹಚ್ಚಿ, ಅದರ ಮೇಲೆ ಬಣ್ಣ ಬರೆದು ಸುಡುವುದು. ಮೇಲಿನ ಆ ಗಾಜಿನಂಥ ಪದರ ಹಳೆಯದಾದಷ್ಟೂ ಮಣ್ಣು ಬಿಟ್ಟು ಎದ್ದು ಬರುತ್ತದಂತೆ.

"ಇದಕ್ಕೆ ಒದ್ದೆ ಬಟ್ಟೆ ಬೇಡ ಕಣೇ, ಒಣ ಬಟ್ಟೇಲಿ ಮೆತ್ತಗೆ," ಅನ್ನುತ್ತಿದ್ದರು. ನನಗೆ ಜ್ವರ ಬಂದಾಗಲೂ ಇಷ್ಟು ಮೆತ್ತಗೆ ಮಾತಾಡಿರಲಿಲ್ಲ. ಆ ತಟ್ಟೆಯಲ್ಲಿರುವುದು ಕಣ್ಣು ಅಂತಲೂ ಹೇಳಿದ್ದರು. ಕೇಳಿಸಿಕೊಂಡವರು ಯಾರು? ಇಪ್ಪತ್ತೆರಡು ವರ್ಷ ನಾನು ಅವನ್ನು ನಿಂಬೆಹಣ್ಣು ಅಂದುಕೊಂಡೇ ಒರೆಸಿದೆ.

ನಿವೃತ್ತಿಯಾದ ಮರುವರ್ಷ ಇವರ ಎಡಗಣ್ಣು ಹೋಯಿತು. ಕಣ್ಣೊಳಗಿನ ಒತ್ತಡ, ಗ್ಲಾಕೋಮಾ ಅಂದರು ಹಾಸನದ ಡಾಕ್ಟರು. ನಾನು ಮಾರಮ್ಮನಿಗೆ ಬೆಳ್ಳಿ ಕಣ್ಣು ಹರಕೆ ಹೊತ್ತೆ, ಒಪ್ಪಿಸಿದೆ. ಬಲಗಣ್ಣೂ ಮಂಜಾಗತೊಡಗಿತು. ಊರಿಗೆಲ್ಲ ಕಣ್ಣಿನ ಡ್ರಾಪ್ಸ್ ಕೊಟ್ಟ ಮನುಷ್ಯ ಚಹಾ ಲೋಟಕ್ಕೆ ಕೈ ಚಾಚಿ ಗಾಳಿ ಹಿಡಿಯುವುದನ್ನು ನೋಡಿ, ಲೋಟವನ್ನು ನಾನೇ ಅವರ ಕೈಗೆ ಸೇರಿಸುತ್ತಿದ್ದೆ. ಆದರೂ ಬಾಯಿ ಬಿಟ್ಟರೆ ಬೈಗುಳವೇ ಬರುತ್ತಿತ್ತು, ನನ್ನ ಬಾಯಿಯೇ ಹಾಗೆ.

ಆಗ ಇವರಿಗೆ ಒಂದೇ ಆಸೆ ಹತ್ತಿತು. ಆ ಇಟಲಿ ಭರಣಿಯನ್ನು ತಿಳಿದವರೊಬ್ಬರು ಕೈಯಲ್ಲಿ ಹಿಡಿದು, ಇದು ಇಂಥ ಊರಿನದು, ಇಷ್ಟು ವರ್ಷದ್ದು ಅಂತ ಹೇಳಬೇಕು. ಆಮೇಲೆ ಅದು ನಾಲ್ಕು ಜನ ನೋಡುವ ಜಾಗಕ್ಕೆ ಹೋಗಬೇಕು. ತಾಲ್ಲೂಕು ಆಫೀಸಿನಲ್ಲಿರುವ ನಮ್ಮ ಮಗಳು ದಿವ್ಯಶ್ರೀ ಮಧ್ಯಾಹ್ನ ಊಟಕ್ಕೆ ಬಂದಾಗ ಫೋಟೊ ತೆಗೆದು ಬೆಂಗಳೂರಿನ ಒಂದು ವಸ್ತು ಸಂಗ್ರಹಾಲಯಕ್ಕೆ ಕಳಿಸಿದಳು. ವಾರದಲ್ಲಿ ನಂದಿತಾ ಅನ್ನುವವರು ಫೋನ್ ಮಾಡಿದರು.

"ಸರ್, ಟ್ಯೂಬ್‌ಲೈಟ್ ಸರಿಯಾಗಿ ಮುಖದ ಮೇಲೇ ಹೊಳೀತಿದೆ, ಏನೂ ಕಾಣ್ತಿಲ್ಲ. ಆ ಮುಖ ಬರೆದಿರೋ ರೀತಿ ನೋಡಿದ್ರೆ ಯಾವ ಊರಿನ ಕೈ ಅಂತ ಹೇಳ್ಬಹುದು. ಇನ್ನೊಂದು ಫೋಟೊ ಬೇಡ, ನಾನೇ ಬರ್ತೀನಿ. ಮುಖ ಚೆನ್ನಾಗಿದ್ರೆ ಖಂಡಿತಾ ನಾವು ತಗೋತೀವಿ."

ಇವರು ಫೋನ್ ಇಟ್ಟು ಮಗುವಿನ ಹಾಗೆ ಕೈ ಉಜ್ಜಿಕೊಂಡರು. ಅವರು ಬರುವುದು ಡಿಸೆಂಬರಿನ ಒಂದು ಸೋಮವಾರ ಅಂತಾಯಿತು. ಅದಕ್ಕೆ ಹತ್ತು ದಿನ ಮೊದಲು ಹಾಸನದಲ್ಲಿ ಇವರ ಬಲಗಣ್ಣಿನ ಆಪರೇಷನ್. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿದರೆ ಪುಣ್ಯ ಅಂದಿದ್ದರು ಡಾಕ್ಟರು.

ಆಪರೇಷನ್ನಿಗೆ ಎರಡು ದಿನ ಇರುವಾಗ ಎದುರು ಮನೆಯ ಗುರುಸಿದ್ದಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಎಂಬತ್ತು ದಾಟಿದ ಮುದುಕಿ, ಕಣ್ಣು ಮಾತ್ರ ಹದ್ದಿನದು. ನಾನು ಭರಣಿ ಒರೆಸುತ್ತಿದ್ದೆ.

"ಇದ್ಯಾವ ಅಮ್ಮ ಲತಾಮಣಿ? ತಟ್ಟೇಲಿ ಕಣ್ಣು ಇಟ್ಕಂಡವ್ಳಲ್ಲ!"

"ನಿಂಬೆಹಣ್ಣು ಕಣಜ್ಜಿ."

"ನಿನ್ ತಲೆ! ನೋಡು, ಒಳಗೆ ಗುಡ್ಡೆ ಐತೆ. ಕಣ್ಣು ಕೊಡೋ ಅಮ್ಮನ್ನ ಮನೇಲಿ ಮಡಿಕ್ಕಂಡು ಬೀದೀಲಿ ಇರೋ ಅಮ್ಮಂಗೆ ಹರಕೆ ಹೊತ್ತಿದ್ದೀಯಲ್ಲೇ. ಇವಳಿಗೆ ಕ್ವಾಪ ಬರಲ್ವಾ?"

ಮುದುಕಿ ಮಜ್ಜಿಗೆ ತೆಗೆದುಕೊಂಡು ಹೋಯಿತು. ನಾನು ಭರಣಿ ಹಿಡಿದುಕೊಂಡು ನಿಂತೇ ಇದ್ದೆ. ನಿಂಬೆಹಣ್ಣಿನ ಜಾಗದಲ್ಲಿ ಕಣ್ಣೇ ಇತ್ತು. ಇಪ್ಪತ್ತೆರಡು ವರ್ಷ ಗೊಣಗಿಕೊಂಡು ಒರೆಸಿದೆನಲ್ಲ, ಒಂದು ಹೂವು ಏರಿಸಲಿಲ್ಲವಲ್ಲ ಅನ್ನಿಸಿತು. ನಾನೇನು ಓದದವಳಲ್ಲ, ಎಸ್ಸೆಸ್ಸೆಲ್ಸಿ ಪಾಸು. ಆದರೆ ಹೆದರಿಕೆಗೆ ಎಸ್ಸೆಸ್ಸೆಲ್ಸಿ ಗೊತ್ತಾಗುತ್ತದೆಯೇ?

ಪೇಟೆಗೆ ಹೋಗಿ ಒಂದು ಜೊತೆ ಬೆಳ್ಳಿ ಕಣ್ಣು, ಒಂದು ಉಂಡೆ ಜೇನುಮೇಣ ತಂದೆ. ಮಾರನೆಯ ದಿನ ಇವರು ಊಟ ಮಾಡಿ ಮಲಗಿದಾಗ ಭರಣಿಯನ್ನು ಅಡುಗೆಮನೆಗೆ ಒಯ್ದು ಮೇಣ ಬಿಸಿ ಮಾಡಿ, ಅಮ್ಮನವರಿಗೆ ಅಂಟಿಸುವ ಹಾಗೆಯೇ ಅವಳ ಮುಖಕ್ಕೆ ಬೆಳ್ಳಿ ಕಣ್ಣು ಅಂಟಿಸಿದೆ. "ತಾಯಿ, ನೀನು ಯಾವ ದೇಶದವಳೋ ಗೊತ್ತಿಲ್ಲ. ಇವರ ಒಂದು ಕಣ್ಣು ಉಳಿಸು. ಇನ್ನು ಮೇಲೆ ನಿನ್ನ ಬೈದರೆ ಕೇಳು," ಅಂದೆ. ಮುಖ ಒಳಕ್ಕೆ ತಿರುಗಿಸಿ ಬೀರುವಿನಲ್ಲಿಟ್ಟೆ. ಮಾರನೆಯ ಬೆಳಗ್ಗೆ ಹಾಸನದ ಬಸ್ಸು ಹತ್ತಿದೆವು.

ಐದನೆಯ ದಿನ ವಾಪಸಾದೆವು. ಪಟ್ಟಿ ಬಿಚ್ಚಿದಾಗ ಇವರಿಗೆ ಕಂಡದ್ದು ಕಿಟಕಿಯ ಬೆಳಕು, ಅದೂ ಬಿಳಿ ಪರದೆ ಕಟ್ಟಿದ ಹಾಗೆ. ಅಷ್ಟೆ. ಅದಕ್ಕಿಂತ ಹೆಚ್ಚು ಬರುವುದಿಲ್ಲ ಅಂದುಬಿಟ್ಟರು. ಬಸ್ಸಿನಲ್ಲಿ ಇವರು ನನ್ನ ಹೆಗಲು ಹಿಡಿದುಕೊಂಡು ಕೂತಿದ್ದರು. ಬಾಣಾವರ ಬಂತಾ ಅಂತ ಎರಡು ಸಲ ಕೇಳಿದರು. ಹಾಸನದಿಂದ ಬರುವಾಗ ಬಾಣಾವರ ಎಲ್ಲಿ ಸಿಗುತ್ತದೆ? ನಾನು ತಿದ್ದಲಿಲ್ಲ.

ಭಾನುವಾರ ಮಧ್ಯಾಹ್ನ ಬೆಳ್ಳಿ ಕಣ್ಣು ಬಿಡಿಸಲು ಕೂತೆ. ಮರುದಿನ ನಂದಿತಾ ಬರುವವರು. ಚಳಿಗೆ ಮೇಣ ಕಲ್ಲಾಗಿತ್ತು. ಉಗುರಿಗೆ ಬರಲಿಲ್ಲ. ಒದ್ದೆ ಬಟ್ಟೆ ಬೇಡ ಅಂದದ್ದು ನೆನಪಿತ್ತು, ಆದರೂ ಮೇಣ ಮೆತ್ತಗಾಗಲಿ ಅಂತ ಬಿಸಿನೀರಿನ ಬಟ್ಟೆ ಒತ್ತಿದೆ. ಹೇರ್‌ಪಿನ್ ತೂರಿಸಿ ಎಬ್ಬಿಸಿದೆ. ಚಟ್ ಅಂತ ಸಣ್ಣ ಸದ್ದು.

ಬೆಳ್ಳಿ ಕಣ್ಣು ಕೈಗೆ ಬಂತು. ತಿರುಗಿಸಿ ನೋಡಿದೆ. ಹಿಂದೆ ಮೇಣ, ಮೇಣಕ್ಕೆ ಅಂಟಿಕೊಂಡು ಅವಳ ಹುಬ್ಬು, ಮೂಗು, ಅರ್ಧ ತುಟಿ. ಉಳಿದದ್ದು ಪುಡಿಯಾಗಿ ನನ್ನ ಮಡಿಲಿಗೆ ಬಿತ್ತು. ಭರಣಿಯ ಮೇಲೆ ಮುಖವಿದ್ದ ಕಡೆ ಬರೀ ಕೆಮ್ಮಣ್ಣು.

ಅಯ್ಯೋ ಶಿವನೇ! ಆಗಲೂ ಬುದ್ಧಿ ಬಂತೇ? ಇಲ್ಲ. ಹರಕೆಯ ಬೆಳ್ಳಿ ಮನೆಯಲ್ಲಿ ಉಳಿಯಬಾರದು, ಅದನ್ನು ಇಟ್ಟುಕೊಂಡೇ ಹೀಗಾಯಿತು ಅಂತ ತಲೆಗೆ ಹೊಕ್ಕಿತು. ಮಡಿಲಿನ ಪುಡಿ ಹಿತ್ತಲಿಗೆ ಕೊಡವಿ, ಚಪ್ಪಲಿಯನ್ನೂ ಮೆಟ್ಟದೆ ಮಾರಮ್ಮನ ಗುಡಿಗೆ ಓಡಿ, ಬೆಳ್ಳಿ ಕಣ್ಣನ್ನು ಮೇಣದ ಸಮೇತ ಹುಂಡಿಗೆ ಹಾಕಿ ಬಂದೆ. ಇವರಿಗೆ ಹೇಳಲಿಲ್ಲ. ನಾಲ್ಕು ಸಲ ಹೇಳಲು ಹೋಗಿ ನಾಲ್ಕು ಸಲವೂ "ಮಾತ್ರೆ ತಗೊಂಡ್ರಾ?" ಅಂದೆ.

ಸೋಮವಾರ ಹನ್ನೊಂದಕ್ಕೆ ನಂದಿತಾ ಬಂದರು. ಇವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದರು. ಆ ಹುಡುಗಿ ಭರಣಿಯ ತಳ ನೋಡಿದಳು, ಬಾಯಿ ನೋಡಿದಳು, ಕೆಳಗಿನ ಅಕ್ಷರ ಓದಿದಳು. ಕಣ್ಣಿನ ಮುಲಾಮಿನ ಹೆಸರಂತೆ, ತಟ್ಟೆ ಹಿಡಿದವಳು ಅವರ ಕಡೆ ಕಣ್ಣು ಕಾಯುವ ತಾಯಿಯಂತೆ. "ಸರ್, ಇದು ನಿಜವಾಗ್ಲೂ ಇಟಲೀದೇ. ನಾನೂರು ವರ್ಷಕ್ಕೆ ಕಮ್ಮಿ ಇಲ್ಲ," ಅಂದಳು. ಇವರ ಮುಖ ನೋಡಬೇಕಿತ್ತು ಆಗ. ಆಮೇಲೆ ಭರಣಿಯನ್ನು ತಿರುಗಿಸಿದಳು.

"ಏನಮ್ಮಾ? ಮುಖ ಏನು ಹೇಳ್ತದೆ?" ಅಂದರು ಇವರು.

ಅವಳು ನನ್ನ ಕಡೆ ನೋಡಿದಳು. ನನಗೆ ಸಾಕಾಗಿತ್ತು. "ಮುಖ ಇಲ್ಲ ಕಣ್ರೀ," ಅಂದೆ. "ನಾನೇ ಕಿತ್ತುಹಾಕಿದೆ." ಒಂದೂ ಬಿಡದೆ ಹೇಳಿದೆ, ಹುಂಡಿಯ ತನಕ.

"ಚೂರುಗಳಾದ್ರೂ ಇದ್ದಿದ್ರೆ ಕೂಡಿಸಬಹುದಿತ್ತು ಆಂಟಿ," ಅಂದಳು ನಂದಿತಾ ಮೆಲ್ಲಗೆ. ಹುಂಡಿಗೆ ಬಿದ್ದದ್ದು ವಾಪಸು ಬರುವುದಿಲ್ಲ, ಹಿತ್ತಲಿಗೆ ಕೊಡವಿದ್ದು ಮಣ್ಣು ಸೇರಿತ್ತು. ಆಮೇಲೆ ಅವರ ಕಮಿಟಿ, ಹೊಸದಾಗಿ ಹಾಳಾದದ್ದನ್ನು ತೆಗೆದುಕೊಳ್ಳುವುದು ಕಷ್ಟ ಅಂತ ಏನೇನೋ ಹೇಳಿದಳು. ಇವರು ಕೇಳಿಸಿಕೊಂಡರು. "ಯಾವತ್ತು ಮಾಡ್ದೆ?" ಅಂತ ನನ್ನನ್ನು ಕೇಳಿದರು. ಕಣ್ಣು ಅಂಟಿಸಿದ್ದು ಆಪರೇಷನ್ನಿನ ಹಿಂದಿನ ದಿನ ಅಂದೆ. "ಅವರಿಗೆ ಕಾಫಿ ಕೊಡು, ದೂರದಿಂದ ಬಂದವ್ರೆ," ಅಂದರು.

ಆ ಹುಡುಗಿ ಹೋದ ಮೇಲೆ ಭರಣಿ ತೊಡೆಯ ಮೇಲಿಟ್ಟುಕೊಂಡು ಕೂತರು. ಹೆಬ್ಬೆರಳು ಆ ಒರಟು ಜಾಗದ ಮೇಲೆ ಓಡಾಡುತ್ತಿತ್ತು.

"ಬೈಯ್ರೀ! ಒಂದು ಸಲನಾದ್ರೂ ಬೈದುಬಿಡಿ, ನಿಮ್ಮ ದಮ್ಮಯ್ಯ!" ಅಂತ ಕೂಗಿದೆ. ಅಳುವೂ ಸಿಟ್ಟೂ ಒಟ್ಟಿಗೆ ಬಂದಿತ್ತು.

"ಬೈದು ಏನ್ ಮಾಡ್ಲಿ?" ಅಂದರು. "ಹೆಂಗಿತ್ತು ಮುಖ, ಅದನ್ನ ಹೇಳು. ನಂಗೆ ಎರಡು ವರ್ಷದಿಂದ ಮಂಜು. ಸರಿಯಾಗಿ ನೋಡಿರೋಳು ನೀನೇ ಕೊನೆ."

ನಾನು ಅವಳನ್ನು ನೆಟ್ಟಗೆ ನೋಡಿದ್ದು ಮೇಣ ಹಚ್ಚಿದ ಆ ಒಂದು ಮಧ್ಯಾಹ್ನ ಮಾತ್ರ. ನೆನಪಿದ್ದಷ್ಟು ಹೇಳಿದೆ. ಹಣೆ ಅಗಲ. ಮೂಗು ಚೂರು ಸೊಟ್ಟ. ತುಟಿ ಬಿಗಿ. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೂ ಬಡಿಸಿ ತಾನಿನ್ನೂ ಉಣ್ಣದೆ ನಿಂತವಳ ಹಾಗೆ ಸುಸ್ತಾದ ಮುಖ. "ಹೂಂ, ಹೂಂ," ಅಂದರು.

ಇದಾಗಿ ಐದು ತಿಂಗಳಾಯಿತು. ಈಗ ಬೆಳಕೂ ಇಲ್ಲ ಅವರಿಗೆ. ದಿನಾ ಸಾಯಂಕಾಲ ಭರಣಿ ತರಿಸಿಕೊಂಡು "ಹೇಳು" ಅನ್ನುತ್ತಾರೆ. ಹಣೆಯಿಂದ ಶುರುಮಾಡುತ್ತೇನೆ. ದಿನಾ ಹೇಳಿ ಹೇಳಿ ನನಗೂ ಅವಳ ಮುಖ ಕೈ ಜಾರುತ್ತಿದೆ, ಹೇಳುವುದನ್ನು ಮಾತ್ರ ನಿಲ್ಲಿಸಲಾಗುವುದಿಲ್ಲ. ಮೊನ್ನೆ ಬಾಯಿಗೆ ಬಂದದ್ದು ಸೇರಿಸಿ, ಎಡಗೆನ್ನೆಯಲ್ಲಿ ಒಂದು ಗುಳಿ ಇತ್ತು ಅಂದುಬಿಟ್ಟೆ.

ಅವರ ಬೆರಳು ನಿಂತಿತು.

"ಗುಳಿ ಇರೋದು ನಿನಗೆ ಕಣೇ," ಅಂದರು. "ಇರ್ಲಿ, ಮುಂದೆ ಹೇಳು."